ಎಕ್ಸ್‌ಟ್ರಾ ಪ್ಲೇಯರ್

ಕಾಲೇಜು ಫುಟ್‌ಬಾಲ್ ಟೀಮಿನಲ್ಲಿ ನಾಲ್ಕು ವರ್ಷ ಇದ್ದೆ ಅಂತ ಮನೆಯಲ್ಲಿ ಇವತ್ತಿಗೂ ಜಂಬ ಕೊಚ್ಚುತ್ತೇನೆ. ಎಷ್ಟು ಮ್ಯಾಚ್ ಆಡಿದೆ ಅಂತ ಮಗಳು ಕೇಳಿದರೆ ಮಾತು ಬದಲಿಸುತ್ತೇನೆ. 2002ರಿಂದ 2006ರವರೆಗೆ ನಾನು ಎಕ್ಸ್‌ಟ್ರಾ ಪ್ಲೇಯರ್. ಪಿ.ಡಿ. ಸರ್ "ರೆಡಿ ಆಗೋ" ಅನ್ನೋರು. ನಾನು ಗೆರೆ ಪಕ್ಕ ಓಡಾಡಿ ಮೈ ಬಿಸಿ ಮಾಡಿಕೊಳ್ಳುವಷ್ಟರಲ್ಲಿ ಸೀಟಿ ಊದಿ ಮ್ಯಾಚೇ ಮುಗಿದಿರುತ್ತಿತ್ತು.

ಹಾಸ್ಟೆಲ್ ಟಿವಿಯಲ್ಲಿ ಕ್ರಿಕೆಟ್ ಇಲ್ಲದ ರಾತ್ರಿ ಮಾತ್ರ ನಮ್ಮ ಪಾಳಿ. ಇಂಗ್ಲೆಂಡಿನ ಚೆಲ್ಸಿ ತಂಡದಲ್ಲಿ ಐಸ್‌ಲ್ಯಾಂಡಿನವನೊಬ್ಬನಿದ್ದ. ಎಯ್ದುರ್ ಗುದ್ಯೋನ್‌ಸೆನ್. ಕಾಮೆಂಟ್ರಿಯವರಿಗೇ ಆ ಹೆಸರಿಗೆ ನಾಲಗೆ ಹೊರಳುತ್ತಿರಲಿಲ್ಲ. ನಾವು 'ಎದುರು' ಅಂತ ಕರೆದು ಕೈ ತೊಳೆದುಕೊಂಡೆವು. 2003ರ ಜನವರಿಯಲ್ಲಿ ಲೀಡ್ಸ್ ಮೇಲೆ ಅವನು ಹೊಡೆದ ಗೋಲನ್ನು ಹೈಲೈಟ್ಸ್‌ನಲ್ಲಿ ನೋಡಿದೆವು. ಬೆನ್ನು ಗೋಲಿನ ಕಡೆ, ಕಾಲು ಆಕಾಶದ ಕಡೆ, ಚೆಂಡು ಬಲೆಯೊಳಗೆ. ಮರುದಿನ ಗ್ರೌಂಡಿನಲ್ಲಿ ಅದನ್ನೇ ಮಾಡಲು ಹೋಗಿ ಸೊಂಟ ಹಿಡಿಸಿಕೊಂಡವರು ಮೂವರು. ಅದರಲ್ಲಿ ನಾನೂ ಒಬ್ಬ.

ಅವನ ಟ್ಯಾಲಿನ್ ಕಥೆ ಗೊತ್ತಾಗಿದ್ದು ಒಂದು ರಾತ್ರಿ ಮೆಸ್ಸಿನಲ್ಲಿ. ರೂಮ್‌ಮೇಟ್ ಎಲ್ಲೋ ಓದಿಕೊಂಡು ಬಂದಿದ್ದ. 1996ರ ಏಪ್ರಿಲ್ 24, ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ನಲ್ಲಿ ಆ ದೇಶದ ಜೊತೆ ಸ್ನೇಹಪಂದ್ಯ. ಐಸ್‌ಲ್ಯಾಂಡ್ ತಂಡದಲ್ಲಿ ಇವನ ಅಪ್ಪ ಆರ್ನೋರ್ ಆಡುತ್ತಿದ್ದರು, ವಯಸ್ಸು 34. ಬೆಂಚಿನಲ್ಲಿ 17ರ ಮಗ. ಎರಡನೇ ಅರ್ಧದಲ್ಲಿ ಅಪ್ಪ ಹೊರಗೆ ಬಂದರು, ಅವರ ಜಾಗಕ್ಕೇ ಮಗ ಒಳಗೆ ಹೋದ. ಇಬ್ಬರನ್ನೂ ಒಟ್ಟಿಗೆ ಯಾಕೆ ಆಡಿಸಲಿಲ್ಲ? ಆ ಸಂಭ್ರಮ ಸ್ವಂತ ಊರು ರೇಕ್ಯಾವಿಕ್‌ನಲ್ಲೇ ಆಗಲಿ ಅಂತ ಫೆಡರೇಷನ್‌ನವರ ಆಸೆ. ಅಷ್ಟರಲ್ಲಿ ಹುಡುಗರ ಪಂದ್ಯವೊಂದರಲ್ಲಿ ಮಗನ ಕಣಕಾಲು ಮುರಿಯಿತು. ಅವನು ಸುಧಾರಿಸಿಕೊಳ್ಳುವಷ್ಟರಲ್ಲಿ ಅಪ್ಪನ ಕಾಲ ಮುಗಿದಿತ್ತು. ಅಪ್ಪ ಮಗ ಒಟ್ಟಿಗೆ ಆಡಲೇ ಇಲ್ಲ. ಇರಲಿ, ಆಮೇಲೆ ನೋಡೋಣ ಅನ್ನುವುದು ನಮ್ಮ ಮನೆಗಳಲ್ಲೂ ಎಷ್ಟು ಕೆಲಸ ಕೆಡಿಸಿದೆ, ಅಲ್ವಾ?

ಚೆಲ್ಸಿಯಲ್ಲಿ ಎರಡು ಲೀಗ್ ಪ್ರಶಸ್ತಿ, 2009ರಲ್ಲಿ ಬಾರ್ಸಿಲೋನಾ ತಂಡದಲ್ಲಿದ್ದು ಯುರೋಪಿನ ಕ್ಲಬ್ಬುಗಳ ದೊಡ್ಡ ಪ್ರಶಸ್ತಿ ಚಾಂಪಿಯನ್ಸ್ ಲೀಗ್. ಅದೆಲ್ಲ ಎಲ್ಲರಿಗೂ ಗೊತ್ತು. ನನಗೆ ಜಾಸ್ತಿ ಇಷ್ಟವಾಗಿದ್ದು 2016ರ ಯೂರೋ ಕಪ್. ದಾವಣಗೆರೆಗಿಂತ ಕಡಿಮೆ ಜನರಿರುವ ದೇಶ ಇಂಗ್ಲೆಂಡನ್ನೇ ಮನೆಗೆ ಕಳಿಸಿತು. 37ರ ಎದುರು ಆ ಟೂರ್ನಿಯಲ್ಲಿ ಬದಲಿ ಆಟಗಾರ. ಆಡಲು ಸಿಕ್ಕಿದ್ದು ಎರಡು ಮ್ಯಾಚಿನಲ್ಲಿ, ಎರಡೂ ಸಲ ಕೊನೇ ಗಳಿಗೆಯಲ್ಲಿ. ನನ್ನ ಜಾತಿಗೇ ಸೇರಿದನಲ್ಲ ಅಂತ ಒಳಗೊಳಗೇ ಖುಷಿ.

ಅದೇ ವರ್ಷ ಅವನು ನಮ್ಮ ದೇಶದ ಫುಟ್‌ಬಾಲ್ ಲೀಗ್ ಐಎಸ್ಎಲ್‌ನ ಪುಣೆ ತಂಡಕ್ಕೆ ಸಹಿ ಹಾಕಿದ. ನಾನಾಗ ಕೆಲಸದ ಮೇಲೆ ಪುಣೆಯಲ್ಲೇ ಇದ್ದೆ. ಬಾಲೇವಾಡಿ ಸ್ಟೇಡಿಯಮ್ಮಿಗೆ ಬೈಕಿನಲ್ಲಿ ಇಪ್ಪತ್ತು ನಿಮಿಷ. ಹಾಸ್ಟೆಲ್ ಗ್ರೂಪಿನಲ್ಲಿ "ಎದುರು ನಮ್ಮೆದುರೇ ಬರ್ತಿದ್ದಾನೆ" ಅಂತ ಹಾಕಿದೆ. ಬಂದಿದ್ದು ಗಾಯದ ಸುದ್ದಿ. ಇಲ್ಲಿ ಒಂದು ಮ್ಯಾಚೂ ಆಡಲಿಲ್ಲ. ಮರುವರ್ಷ ಆಟವನ್ನೇ ಬಿಟ್ಟ.

2019ರಲ್ಲಿ ಐಸ್‌ಲ್ಯಾಂಡಿನ 21 ವರ್ಷದೊಳಗಿನವರ ತಂಡಕ್ಕೆ ಸಹಾಯಕ ಕೋಚ್ ಆದ. ಆ ಹುಡುಗರ ಗುಂಪಿನಲ್ಲಿ ಅವನ ದೊಡ್ಡ ಮಗನೂ ಇದ್ದ. ತಂಡ ಯುರೋಪಿನ ಮುಖ್ಯ ಟೂರ್ನಿಗೆ ಅರ್ಹತೆ ಪಡೆಯಿತು. ನಡುವೆ 2020ರಲ್ಲಿ ಒಂದು ಕ್ಲಬ್ಬಿಗೂ ಕೋಚ್. ಅಲ್ಲಿ ಅವನ ಜೊತೆಗಾರ ಯಾರು ಗೊತ್ತಾ? ಲೋಗಿ ಓಲಾಫ್‌ಸನ್. ಟ್ಯಾಲಿನ್‌ನಲ್ಲಿ ಅಪ್ಪನನ್ನು ಕರೆದು ಮಗನನ್ನು ಇಳಿಸಿದ್ದ ಅದೇ ಕೋಚ್! 24 ವರ್ಷ ಆದಮೇಲೆ ಇಬ್ಬರೂ ಒಂದೇ ಬೆಂಚಿನಲ್ಲಿ. ಅವತ್ತಿನ ವಿಷಯ ಇವರಿಬ್ಬರೂ ಮಾತಾಡಿರುತ್ತಾರಾ ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

2021ರ ಅಕ್ಟೋಬರ್. ಎದುರು ಆಗ ಹಿರಿಯರ ತಂಡದ ಸಹಾಯಕ ಕೋಚ್. ರೇಕ್ಯಾವಿಕ್‌ನಲ್ಲಿ ಲಿಕ್ಟೆನ್‌ಸ್ಟೈನ್ ಜೊತೆ ಮ್ಯಾಚ್. ದೊಡ್ಡ ಮಗ ಸ್ವೇಯ್ನ್ ಕೊಟ್ಟ ಪಾಸಿಗೆ ಚಿಕ್ಕವನು ಆಂದ್ರಿ ಗೋಲ್ ಹೊಡೆದ. ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಮೈದಾನದಲ್ಲಿ, ಅದೂ ಸ್ವಂತ ಊರಲ್ಲಿ. ನಾನು ಆ ವಿಡಿಯೋ ಹಾಸ್ಟೆಲ್ ಗ್ರೂಪಿಗೆ ಕಳಿಸಿದೆ. ಟ್ಯಾಲಿನ್ ಕಥೆ ಹೇಳಿದ್ದ ರೂಮ್‌ಮೇಟ್ ತಕ್ಷಣ ಬರೆದ:

"ಎದುರು ಇವತ್ತೂ ಬೆಂಚಲ್ಲೇ ಇದ್ದಾನಲ್ಲೋ, ನಿನ್ನ ಥರ."