ಹುಣಸೂರು ರಸ್ತೆಯಲ್ಲಿ ಎದುರಾದ ಫಿಯೆಟ್

ಮೈಸೂರಿನವರು ಇಂದಿಗೂ ಫಿಯೆಟ್ ಎಂದೇ ಕರೆಯುವ ಪ್ರೀಮಿಯರ್ ಪದ್ಮಿನಿ ಕಾರಿನ ತಯಾರಿಕೆ ನಿಂತು ಎರಡು ದಶಕಗಳ ಮೇಲಾಯಿತು. 2023ರ ಅಕ್ಟೋಬರ್‌ನಲ್ಲಿ ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಗಳ ಸಾಲಿನಿಂದಲೂ ಅದು ಮರೆಯಾಯಿತು. 1986ರ ಪದ್ಮಿನಿಯನ್ನು ದಿನನಿತ್ಯದ ಓಡಾಟಕ್ಕೆ ಇಟ್ಟುಕೊಂಡಿರುವ ನನಗೆ ರಸ್ತೆಯಲ್ಲಿ ಅಂಥದ್ದೇ ಇನ್ನೊಂದು ಗಾಡಿ ಕಂಡರೆ ಸಂತೋಷದ ಜೊತೆಗೆ ಧೈರ್ಯವೂ ಬರುತ್ತದೆ. ಅದು ಓಡುತ್ತಿದೆ ಎಂದರೆ ಎಂಜಿನ್ನಿಗೆ ಪೆಟ್ರೋಲ್-ಗಾಳಿ ಬೆರೆಸಿಕೊಡುವ ಅದರ ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಒಬ್ಬರು ಈ ಊರಿನಲ್ಲಿ ಇನ್ನೂ ಇದ್ದಾರೆ, ಬಿಡಿಭಾಗಗಳು ಎಲ್ಲಿಂದಲೋ ಬರುತ್ತಿವೆ ಎಂದೇ ಅರ್ಥ.

ಕಳೆದ ಬೇಸಿಗೆಯ ಒಂದು ಭಾನುವಾರ ಬಿಳಿಕೆರೆಯಿಂದ ಹಿಂತಿರುಗುತ್ತ ಇಲವಾಲ ದಾಟಿದ್ದೆ. ರಸ್ತೆ ವಿಭಜಕದ ಆಚೆ ಎದುರಿನಿಂದ ಬರುತ್ತಿದ್ದ ಕಾರೊಂದು ಹಾಡುಹಗಲಿನಲ್ಲೇ ಹೆಡ್‌ಲೈಟ್ ಮಿನುಗಿಸಿತು. ದುಂಡನೆಯ ದೀಪಗಳೂ ಕ್ರೋಮ್ ಬಂಪರೂ ಕಣ್ಣಿಗೆ ಬೀಳುವಷ್ಟರಲ್ಲಿ ಅದು ದಾಟಿಹೋಗಿತ್ತು. ಆದರೆ ಸ್ವಲ್ಪ ಮುಂದೆ ತಿರುವು ತೆಗೆದುಕೊಂಡು ನನ್ನ ಹಿಂದೆಯೇ ಬರುತ್ತಿರುವುದು ಕನ್ನಡಿಯಲ್ಲಿ ಕಂಡಾಗ, ನಾನು ಮರದ ನೆರಳು ನೋಡಿ ಗಾಡಿಯನ್ನು ಪಕ್ಕಕ್ಕೆ ಹಾಕಿದೆ. ಅದು ಪದ್ಮಿನಿಗಿಂತ ಹಿಂದಿನ ಫಿಯೆಟ್ 1100 ಡಿ, 1968ರದು. ನೋಂದಣಿ ಸಂಖ್ಯೆ ಆಗಿನ ಮೈಸೂರು ರಾಜ್ಯದ ಗುರುತಾದ ಎಂವೈ ಎಂದು ಆರಂಭವಾಗುತ್ತಿತ್ತು. ಇಳಿದು ಬಂದ ಹಿರಿಯರು ಎಪ್ಪತ್ತು ದಾಟಿದವರು.

"ಕಾಂತರಾಜ ಅರಸ್ ರಸ್ತೇಲಿ ನಿಮ್ಮ ಗಾಡಿ ಎಷ್ಟೋ ಸಲ ನೋಡಿದೀನಿ ಸಾರ್, ಮಾತಾಡ್ಸೋಕೆ ಇವತ್ತು ಸಿಕ್ಕಿದ್ರಿ" ಎಂದರು. ನನ್ನ ಹೆಸರು ಕೇಳುವುದಕ್ಕೆ ಮೊದಲೇ ಬಾನೆಟ್ ತೆಗೆಯಲು ಹೇಳಿದರು. ಪೆಟ್ರೋಲ್ ಪಂಪಿಗೆ ನಾನು ಸುತ್ತಿದ್ದ ಒದ್ದೆ ಬಟ್ಟೆಯನ್ನು ನೋಡಿ ತಲೆಯಾಡಿಸಿದರು. ಬಿಸಿಲಿನಲ್ಲಿ ಪಂಪು ಕಾದು, ಒಳಗಿನ ಪೆಟ್ರೋಲ್ ಆವಿಯಾಗಿ ಕಾರ್ಬ್ಯುರೇಟರಿಗೆ ಏರದೆ ಗಾಡಿ ನಿಂತುಬಿಡುವುದು ಈ ಕಾರುಗಳಲ್ಲಿ ಹಳೆಯ ಸಂಗತಿ; ಬಟ್ಟೆ ಅದಕ್ಕಾಗಿ. ಅವರು ಬಟ್ಟೆಯನ್ನು ಬಿಚ್ಚಿ, ಪಂಪಿನ ಕೆಳಗೆ ಬೆರಳಾಡಿಸಿ ಮೂಸಿದರು. ಆಮೇಲೆ ಆಯಿಲ್ ನೋಡುವ ಕಡ್ಡಿಯನ್ನು ಎಳೆದು ಅದನ್ನೂ ಮೂಸಿ, ನನ್ನ ಮೂಗಿನ ಹತ್ತಿರ ಹಿಡಿದರು. ಎಂಜಿನ್ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಸ್ಪಷ್ಟವಾಗಿತ್ತು.

"ಡಯಾಫ್ರಾಂ ಹರೀತಾ ಇದೆ. ಈಗಿನ ಪೆಟ್ರೋಲಿಗೆ ಹಳೇ ರಬ್ಬರು ತಡೆಯಲ್ಲ ಸಾರ್."

ಡಯಾಫ್ರಾಂ ಎಂದರೆ ಪಂಪಿನೊಳಗಿನ ರಬ್ಬರ್ ಪೊರೆ; ಅದು ಹರಿದರೆ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಸೋರುತ್ತದೆ. ಎಥೆನಾಲ್ ಶೇ. 20ರಷ್ಟು ಬೆರೆತ ಪೆಟ್ರೋಲ್ ಬಂದಮೇಲೆ ಹಳೆಯ ಗಾಡಿಗಳವರು ಸೇರಿದಲ್ಲೆಲ್ಲ ಇದೇ ಮಾತು. ಆ ಕಾಲದ ರಬ್ಬರ್ ಪೈಪುಗಳನ್ನಾಗಲಿ ಡಯಾಫ್ರಾಂಗಳನ್ನಾಗಲಿ ಎಥೆನಾಲನ್ನು ತಾಳಿಕೊಳ್ಳುವಂತೆ ಮಾಡಿರಲಿಲ್ಲ. ಅವರು ತಮ್ಮ ಡಿಕ್ಕಿಯಲ್ಲಿದ್ದ ಬಿಸ್ಕತ್ತಿನ ಡಬ್ಬಿಯಿಂದ ಹೊಸದೊಂದು ಡಯಾಫ್ರಾಂ ತೆಗೆದುಕೊಟ್ಟರು. ದುಡ್ಡು ಮುಟ್ಟಲಿಲ್ಲ, ನನ್ನಲ್ಲಿ ಹೆಚ್ಚುವರಿಯಾಗಿದ್ದ, ಮುಂಬಾಗಿಲ ತ್ರಿಕೋನ ಗಾಜಿನ ಬೀಡಿಂಗ್ ಕೊಟ್ಟರೆ ಸಾಕೆಂದರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದರೂ ಅವರಿಗೆ ಅದು ಸಿಕ್ಕಿರಲಿಲ್ಲವಂತೆ.

ನಾವು ಮಾತನಾಡುತ್ತಿದ್ದಾಗ ಫಿಯೆಟ್ ಕಂಪನಿಯದೇ ಆದ ಪಾಲಿಯೊ ಕಾರಿನ ಯುವಕನೊಬ್ಬ ತಾನಾಗಿಯೇ ನಿಲ್ಲಿಸಿ, ಎರಡೂ ಗಾಡಿಗಳನ್ನು ಸುತ್ತು ಹಾಕಿ ನೋಡಿ, ಫೋಟೊ ತೆಗೆಯಲು ಅನುಮತಿ ಕೇಳಿದ. ಕೇಳಿ ತೆಗೆಯುವವರು ಅಪರೂಪ. ಅವನು ಕೇಳಿದ್ದು ನನಗೆ ತುಂಬ ಇಷ್ಟವಾಯಿತು.

ಹಿರಿಯರ ಕಾರಿಗೆ ಐವತ್ತು ವರ್ಷ ತುಂಬಿರುವುದರಿಂದ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಪಡೆಯಬಹುದು. ಅವರಿಗೆ ಅದು ಬೇಡ. ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿಗಳಂಥ ಸಂದರ್ಭಗಳನ್ನು ಬಿಟ್ಟು ದಿನವೂ ರಸ್ತೆಗಿಳಿಸುವಂತಿಲ್ಲ. ಅವರ ನಿರ್ಧಾರವೇ ಸರಿಯೆಂದು ನನಗೂ ಅನ್ನಿಸುತ್ತದೆ. ಲಾರಿಯ ಮೇಲೆ ಪ್ರದರ್ಶನಕ್ಕೆ ಬಂದು ಲಾರಿಯ ಮೇಲೆಯೇ ಹಿಂತಿರುಗುವ ಕಾರನ್ನು ಜನ ಮೆಚ್ಚಬಹುದು, ಆದರೆ ಅದಕ್ಕೆ ದಾರಿಯಲ್ಲಿ ದೀಪ ಮಿನುಗಿಸುವವರು ಸಿಗುವುದಿಲ್ಲ, ಅದರ ಪಂಪು ಸೋರುವುದನ್ನು ಮೂಸಿ ಹೇಳುವವರೂ ಸಿಗುವುದಿಲ್ಲ. ಹಳೆಯ ಗಾಡಿ ತರಕಾರಿ ತರಲು, ಮಕ್ಕಳನ್ನು ಶಾಲೆಗೆ ಬಿಡಲು ಹೋಗುತ್ತಿರಬೇಕು.

ಹೊರಡುವಾಗ ಅವರು ಬನ್ನಿಮಂಟಪದ ಕಡೆ ಹಸಿರು ಪದ್ಮಿನಿಯೊಂದು ಓಡಾಡುತ್ತಿರುವ ಸುದ್ದಿ ಹೇಳಿದರು. ಬೆಳಿಗ್ಗೆ ಎಂಟರ ಸುಮಾರಿಗೆ ಸಿಗ್ನಲ್‌ನಲ್ಲಿ ಕಾಣುತ್ತದಂತೆ, ಓಡಿಸುವವರು ಒಬ್ಬ ಹೆಣ್ಣುಮಗಳಂತೆ. "ನಿಮಗೆ ಮೊದಲು ಸಿಕ್ಕಿದ್ರೆ ನನ್ನ ನಂಬರ್ ಕೊಡಿ. ಆ ಗಾಡಿ ಸೈಲೆನ್ಸರ್ ಸದ್ದು ಸರಿಯಿಲ್ಲ, ಮ್ಯಾನಿಫೋಲ್ಡ್ ಪ್ಯಾಕಿಂಗ್ ಹೋಗಿರ್ಬೇಕು, ನನ್ಹತ್ರ ಒಂದಿದೆ" ಎಂದರು. ಆಗಿನಿಂದ ನಾನು ಕೆಲಸಕ್ಕೆ ಬನ್ನಿಮಂಟಪದ ದಾರಿಯಲ್ಲೇ ಹೋಗುತ್ತಿದ್ದೇನೆ.