ಜ್ಯೂರಿಸ್‌ಪ್ರುಡೆನ್ಸ್ ಕ್ಲಾಸಿಗೆ ಬಂದ ಕೌಬಾಯ್

ಲಾ ಕಾಲೇಜಿನಲ್ಲಿ ನಮಗೆ ಜ್ಯೂರಿಸ್‌ಪ್ರುಡೆನ್ಸ್, ಅಂದರೆ ಕಾನೂನಿನ ತತ್ವಶಾಸ್ತ್ರ, ಹೇಳಿಕೊಡುತ್ತಿದ್ದ ಮೇಷ್ಟ್ರು, ಆಸ್ಟಿನ್, ಸಾಲ್ಮಂಡ್ ಎಂಬ ಕಾನೂನು ಪಂಡಿತರನ್ನು ಬೇಗ ಬೇಗ ಮುಗಿಸುತ್ತಿದ್ದರು. ಕೌಬಾಯ್ ಕಾದಂಬರಿ ಬರೆದ ಅಮೆರಿಕದ ವಕೀಲ ಓವನ್ ವಿಸ್ಟರ್‌ನ ಸುದ್ದಿ ಬಂದರೆ ಮಾತ್ರ ಬೆಲ್ಲು ಹೊಡೆದದ್ದೂ ಅವರಿಗೆ ಕೇಳಿಸುತ್ತಿರಲಿಲ್ಲ. ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಈಗಿನ ವಿದ್ಯಾರ್ಥಿಗಳು ಕೇಳಿದಾಗ, ಹಾಸ್ಟೆಲ್ಲಿನ ಸಾರಿಗಿಂತ ಮೊದಲು ನನಗೆ ನೆನಪಾದವನು ಈ ವಿಸ್ಟರ್.

1860ರಲ್ಲಿ ಫಿಲಡೆಲ್ಫಿಯಾದ ಅನುಕೂಲಸ್ಥ ಡಾಕ್ಟರೊಬ್ಬರ ಮಗನಾಗಿ ಹುಟ್ಟಿದವನು. ತಾಯಿಯ ತಾಯಿ ಫ್ಯಾನಿ ಕೆಂಬಲ್ ಇಂಗ್ಲೆಂಡಿನ ಹೆಸರಾಂತ ನಟಿ. ಹುಡುಗನಿಗೆ ಸಂಗೀತದ ಹುಚ್ಚು. ಹಾರ್ವರ್ಡಿನಲ್ಲಿ ಓದಿ, ಯುರೋಪಿಗೆ ಹೋಗಿ ಹೆಸರಾಂತ ಪಿಯಾನೊ ವಾದಕ ಫ್ರಾಂಜ್ ಲಿಸ್ಟ್ ಮುಂದೆಯೇ ಪಿಯಾನೊ ನುಡಿಸಿ ಮೆಚ್ಚುಗೆ ಗಳಿಸಿದ. ಅಪ್ಪ ಸೊಪ್ಪು ಹಾಕಲಿಲ್ಲ. (ಅಂಥ ಅಪ್ಪಂದಿರು ನಮ್ಮ ಬ್ಯಾಚಿನಲ್ಲೂ ಬೇಕಾದಷ್ಟಿದ್ದರು.) ಬಾಸ್ಟನ್ನಿನಲ್ಲಿ ಒಲ್ಲದ ಗುಮಾಸ್ತಿಕೆ ಮಾಡಿ ಆರೋಗ್ಯ ಕೆಡಿಸಿಕೊಂಡವನನ್ನು 1885ರಲ್ಲಿ ಡಾಕ್ಟರರು ಹವೆ ಬದಲಾಗಲಿ ಎಂದು ಪಶ್ಚಿಮದ ದನಗಾರರ ನಾಡಾದ ವಯೋಮಿಂಗಿಗೆ ಅಟ್ಟಿದರು. ವಾಪಸು ಬಂದು ಹಾರ್ವರ್ಡಿನಲ್ಲೇ ಲಾ ಮುಗಿಸಿ ಫಿಲಡೆಲ್ಫಿಯಾದಲ್ಲಿ ಕರಿಕೋಟು ಹಾಕಿದನೇನೋ ನಿಜ, ಮನಸ್ಸು ಮಾತ್ರ ಆ ಹುಲ್ಲುಗಾವಲಲ್ಲೇ ಉಳಿದಿತ್ತು. ಬೇಸಿಗೆಯಲ್ಲಿ ಅತ್ತ ಓಡುವುದು, ಕಂಡದ್ದನ್ನೆಲ್ಲ ಡೈರಿಗೆ ಇಳಿಸುವುದು.

1891ರಲ್ಲಿ ಒಂದು ರಾತ್ರಿ ಕ್ಲಬ್ಬಿನಲ್ಲಿ ಊಟವಾದ ಮೇಲೆ, ನಮ್ಮ ಪಶ್ಚಿಮದ ಸೀಮೆಯನ್ನು ಬರೆದಿಡಲು ಒಬ್ಬ ಕಿಪ್ಲಿಂಗ್ ಯಾಕಿಲ್ಲ ಎಂದು ಗೆಳೆಯನ ಹತ್ತಿರ ಗೊಣಗಿ, ಅಲ್ಲೇ ಮೇಲಿನ ಲೈಬ್ರರಿಗೆ ಹೋಗಿ ಬರೆಯಲು ಕೂತನಂತೆ. 1902ರಲ್ಲಿ ಬಂದ 'ದಿ ವರ್ಜೀನಿಯನ್' ಕಾದಂಬರಿ ಅವನ ವಕೀಲಿಯನ್ನು ಜನ ಮರೆಯುವಷ್ಟು ಹೆಸರು ಮಾಡಿತು. ಅರ್ಪಣೆ ಹಾರ್ವರ್ಡಿನ ಗೆಳೆಯ, ಆಗಿನ ಅಧ್ಯಕ್ಷ ಥಿಯೊಡರ್ ರೂಸ್ವೆಲ್ಟ್‌ಗೆ.

ಮೇಷ್ಟ್ರು ನಿಂತುಬಿಡುತ್ತಿದ್ದದ್ದು ಇಲ್ಲಿ. ಆ ಕಾದಂಬರಿಯ ನಾಯಕ ದನಗಳ್ಳರನ್ನು ವಿಚಾರಣೆಯಿಲ್ಲದೆ ನೇಣಿಗೆ ಹಾಕುತ್ತಾನೆ; ಅವರಲ್ಲೊಬ್ಬ ಅವನ ಹಳೆಯ ಗೆಳೆಯ ಸ್ಟೀವ್. ನಾಯಕನ ಪ್ರೇಯಸಿ, ಶಾಲೆಯ ಟೀಚರ್ ಮಾಲಿ, ಇದು ಕೊಲೆಯಲ್ಲವೇ ಎಂದು ಕಂಗೆಟ್ಟಾಗ, ಹಿಂದೆ ನ್ಯಾಯಾಧೀಶನಾಗಿದ್ದ ದನದ ಸಾಹುಕಾರ ಹೆನ್ರಿ ಸಮಜಾಯಿಷಿ ಕೊಡುತ್ತಾನೆ: ಶಿಕ್ಷಿಸುವ ಅಧಿಕಾರ ಜನರದ್ದು, ಸಂವಿಧಾನದ ಮೂಲಕ ಅದನ್ನು ಕೋರ್ಟಿಗೆ ಒಪ್ಪಿಸಿದ್ದಾರೆ, ಇಲ್ಲಿನ ಜೂರಿಗಳು ಕಳ್ಳರನ್ನು ಬಿಟ್ಟುಕಳಿಸುತ್ತಿರುವುದರಿಂದ ಜನ ಅದನ್ನು ವಾಪಸು ತೆಗೆದುಕೊಂಡಿದ್ದಾರೆ. ಎಷ್ಟು ಚೊಕ್ಕ ವಾದವೆಂದರೆ ಅರ್ಧ ಕ್ಲಾಸು ತಲೆಯಾಡಿಸಿತ್ತು.

ಆಮೇಲೆ ಮೇಷ್ಟ್ರು ನಿಧಾನವಾಗಿ ಉಳಿದದ್ದನ್ನು ಬಿಚ್ಚಿದರು. 1885ರ ಬೇಸಿಗೆಯಲ್ಲಿ ವಿಸ್ಟರ್ ತಂಗಿದ್ದದ್ದು ಮೇಜರ್ ಫ್ರಾಂಕ್ ವೊಲ್ಕಾಟ್ ಎಂಬವನ ರಾಂಚಿನಲ್ಲಿ, ಅಂದರೆ ದನ ಸಾಕುವ ಎಸ್ಟೇಟಿನಲ್ಲಿ. ಇದೇ ವೊಲ್ಕಾಟ್ 1892ರಲ್ಲಿ ದೊಡ್ಡ ದನಗಾರರ ಪರವಾಗಿ, ದನಗಳ್ಳರನ್ನು ಮಟ್ಟಹಾಕುವ ನೆಪದಲ್ಲಿ, ಟೆಕ್ಸಾಸಿನ ಬಾಡಿಗೆ ಬಂದೂಕಿನವರನ್ನು ಕಟ್ಟಿಕೊಂಡು ವಯೋಮಿಂಗಿನ ಜಾನ್ಸನ್ ಕೌಂಟಿಗೆ ನುಗ್ಗಿದ. ನೇಟ್ ಚಾಂಪಿಯನ್, ನಿಕ್ ರೇ ಎಂಬಿಬ್ಬರನ್ನು ಆ ಗುಂಪು ಕೊಂದಿತು. ಕೊನೆಗೆ ಊರವರೇ ಮುತ್ತಿಗೆ ಹಾಕಿದಾಗ ಸೈನ್ಯ ಬಂದು ಈ ನುಗ್ಗಿದವರ ಪ್ರಾಣ ಉಳಿಸಬೇಕಾಯಿತು. ಒಬ್ಬನಿಗೂ ಶಿಕ್ಷೆಯಾಗಲಿಲ್ಲ.

ಹಾಗಾಗಿ ವಿಸ್ಟರ್ ವಕೀಲಿ ಬಿಟ್ಟ ಎಂದು ಬರೆಯುವವರನ್ನು ಕಂಡರೆ ನನಗೆ ನಗು. ಅವನು ಬಿಟ್ಟದ್ದು ಆಫೀಸನ್ನು. ದೊಡ್ಡ ದನಗಾರರೇ ಕಕ್ಷಿದಾರರು, ಕಾದಂಬರಿಯೇ ವಕಾಲತ್ತು. ಎದುರು ಪಕ್ಷದ ಸಾಕ್ಷಿ ಮಾತ್ರ ಕಟಕಟೆ ಹತ್ತಲಿಲ್ಲ. ಪುಸ್ತಕವನ್ನು ಒಂದೇ ಉಸಿರಿಗೆ ಓದಿಸಿಕೊಂಡು ಹೋಗುವ ಕಸುಬನ್ನಂತೂ ಅಲ್ಲಗಳೆಯಲಾರೆ.

ಆ ವರ್ಷದ ಆಂತರಿಕ ಪರೀಕ್ಷೆಗೆ 'ಹೆನ್ರಿಯ ವಾದಕ್ಕೆ ಪ್ರತಿವಾದ ಬರೆಯಿರಿ' ಎಂಬ ಪ್ರಶ್ನೆ ಬಂತು. ಸಿಲಬಸ್ಸಿನಲ್ಲಿಲ್ಲದ್ದು ಎಂದು ಕೆಲವರು ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟರು. ಮೇಷ್ಟ್ರು ಆ ಅರ್ಜಿ ತರಿಸಿ ಓದಿ, ಡ್ರಾಫ್ಟಿಂಗ್ ಚೆನ್ನಾಗಿದೆ ಎಂದು ಅವರಿಗೂ ಅಂಕ ಕೊಟ್ಟರು.