ಹೋಪ್ ಯಾರ ಮಗಳು?

ನನ್ನ ಸೊಸೆ ಅಮೆರಿಕದ ಮ್ಯಾಸಚೂಸೆಟ್ಸ್‌ನವಳು. ಅವಳ ತಾಯಿಯ ಕಡೆಯವರಲ್ಲಿ ಹಿಂದಿನಿಂದ ಬಂದ ಮಾತೊಂದಿದೆ: ‘ನಾವು ಜಾನ್ ಹೌಲ್ಯಾಂಡ್ ವಂಶದವರು.’ 1620ರಲ್ಲಿ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ ಅಮೆರಿಕಕ್ಕೆ ಬಂದ 102 ಜನರಲ್ಲಿ ಈ ಹೌಲ್ಯಾಂಡ್ ಒಬ್ಬ. ಮುಂದೆ ಗವರ್ನರ್ ಆದ ಜಾನ್ ಕಾರ್ವರ್ ಎಂಬುವರ ಮನೆಯ ಆಳು. ನಡುಸಮುದ್ರದಲ್ಲಿ ಬಿರುಗಾಳಿ ಎದ್ದಾಗ ನೀರಿಗೆ ಬಿದ್ದುಬಿಟ್ಟ. ಜೋತಾಡುತ್ತಿದ್ದ ಹಾಯಿಯ ಹಗ್ಗವೊಂದು ಕೈಗೆ ಸಿಕ್ಕಿತು. ಮುಳುಗಿದರೂ ಹಿಡಿತ ಬಿಡಲಿಲ್ಲ. ಮೇಲಿದ್ದವರು ಕೊಕ್ಕೆ ಹಾಕಿ ಎಳೆದುಕೊಂಡರು. ಇದನ್ನು ಬರೆದಿಟ್ಟವರು ಅದೇ ಹಡಗಿನಲ್ಲಿದ್ದ ವಿಲಿಯಂ ಬ್ರಾಡ್‌ಫರ್ಡ್, ಕಾರ್ವರ್ ನಂತರ, ಆ ಜನ ನೆಲೆಸಿದ ಪ್ಲಿಮತ್‌ನ ಗವರ್ನರ್ ಆದವರು. ಆ ಮಾತು ನಿಜವಾದರೆ, ಆ ಹಗ್ಗ ಸಿಗದಿದ್ದರೆ ನನ್ನ ಮೊಮ್ಮಗಳೇ ಇರುತ್ತಿರಲಿಲ್ಲ, ಅಲ್ವಾ?

ಮಾತಿತ್ತು, ಕಾಗದ ಇರಲಿಲ್ಲ. ಬೀಗಿತ್ತಿಗೆ ಅದೇ ಕೊರಗು. ನಾನು ಅಲ್ಲಿಗೆ ಹೋಗಿದ್ದಾಗ ಇಬ್ಬರೂ ಸೇರಿ ಹುಡುಕಲು ಕೂತೆವು.

ಇವತ್ತಿನಿಂದ ಹಿಂದಕ್ಕೆ ಹೋಗಬೇಕು. 1850ರ ಜನಗಣತಿಯವರೆಗೆ ದಾರಿ ಸಲೀಸು. ಅದಕ್ಕೂ ಹಿಂದಿನ ಗಣತಿಗಳಲ್ಲಿ ಮನೆ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ಲೆಕ್ಕ. ಆಮೇಲೆ ಊರಿನ ಜನನ ಮರಣದ ಪುಸ್ತಕಗಳೇ ಗತಿ. ಅಲ್ಲೇ ಸಿಕ್ಕಿಹಾಕಿಕೊಂಡೆವು. ಒಬ್ಬಾಕೆ, ಹೆಸರು ಹೋಪ್. ಗಂಡನ ಹೆಸರಿದೆ, ಮಕ್ಕಳು ಹುಟ್ಟಿದ ತಾರೀಖಿದೆ, ತವರಿನ ಹೆಸರೇ ಇಲ್ಲ. ನಮ್ಮ ಮನೆಯ ವಂಶಾವಳಿಯೂ ಹೀಗೇ. ಗಂಡಸರ ಹೆಸರು ಸಾಲಾಗಿದೆ, ನನ್ನಜ್ಜಿ ಎಲ್ಲೂ ಇಲ್ಲ. ಅದಕ್ಕೇ ಇರಬೇಕು, ಹೋಪ್ ನನಗೆ ಹೊರಗಿನವಳು ಅನ್ನಿಸಲೇ ಇಲ್ಲ.

ಹೌಲ್ಯಾಂಡ್‌ಗೂ ಹೋಪ್ ಎಂಬ ಮಗಳಿದ್ದಳು. ಅವಳನ್ನು ಮದುವೆಯಾದವನು ಬಾರ್ನ್‌ಸ್ಟಬಲ್‌ನ ಜಾನ್ ಚಿಪ್‌ಮನ್. ಅಜ್ಜಿಯ ಹೆಸರು ಮೊಮ್ಮಕ್ಕಳಿಗೆ ಇಡುವುದು ಅಲ್ಲೂ ಇತ್ತು. ಆದರೆ ಸುಮ್ನೆ ಹೆಸರು ಕೂಡಿಬಂದರೆ ಸಾಲದು. 1827ರಲ್ಲಿ ಬಾರ್ನ್‌ಸ್ಟಬಲ್ ಕೋರ್ಟಿಗೆ ಬೆಂಕಿ ಬಿದ್ದು ಜಮೀನಿನ ದಾಖಲೆಗಳು ಸುಟ್ಟುಹೋಗಿವೆ. ಉಳಿದದ್ದು ಉಯಿಲುಗಳು. ಚಿಪ್‌ಮನ್ ಮನೆತನದ ಉಯಿಲುಗಳನ್ನು ಒಂದೊಂದಾಗಿ ತೆಗೆದು ಓದಿದೆವು. ‘ಎಸ್’ ಅಕ್ಷರ ‘ಎಫ್’ ಥರ ಕಾಣುವ ಹಳೆ ಬರಹ, ಮಾಸಿದ ಶಾಯಿ. ಒಂದರಲ್ಲಿ ಹಸುವಿನ ಪಾಲು, ಹಾಸಿಗೆಯ ಪಾಲು ಎಲ್ಲ ಮುಗಿದ ಮೇಲೆ ಇತ್ತು: ‘ನನ್ನ ಮಗಳು ಹೋಪ್‌ಗೆ.’ ಪಕ್ಕದಲ್ಲೇ ನಾವು ಹುಡುಕುತ್ತಿದ್ದ ಹೋಪ್‌ಳ ಗಂಡನ ಹೆಸರು. ಬೀಗಿತ್ತಿ ನನ್ನ ತೋಳು ಹಿಡಿದುಕೊಂಡು ಅತ್ತೇಬಿಟ್ಟರು.

ಒಂದು ತಿದ್ದುಪಡಿಯೂ ಬಾಕಿಯಿತ್ತು. ಅವರ ಮನೆಯ ಹಳೆ ನೋಟ್‌ಬುಕ್ಕಿನಲ್ಲಿ ಹೌಲ್ಯಾಂಡನ ಹೆಂಡತಿ ಗವರ್ನರ್ ಕಾರ್ವರ್ ಮಗಳು ಎಂದಿದೆ. ತುಂಬಾ ಜನ ಹಾಗೇ ನಂಬಿದ್ದರು. ಕಳೆದುಹೋಗಿದ್ದ ಬ್ರಾಡ್‌ಫರ್ಡ್ ಹಸ್ತಪ್ರತಿ ಲಂಡನ್ನಿನ ಬಿಷಪ್ಪರ ಗ್ರಂಥಾಲಯದಲ್ಲಿ ಪತ್ತೆಯಾಗಿ, 1856ರಲ್ಲಿ ಅಚ್ಚಾದ ಮೇಲೆ ನಿಜ ಗೊತ್ತಾಯಿತು. ಆಕೆ ಎಲಿಜಬೆತ್ ಟಿಲ್ಲಿ. ಹಡಗಿನಲ್ಲಿ ಬಂದವರಲ್ಲಿ ಅರ್ಧದಷ್ಟು ಜನರನ್ನು ಬಲಿ ತೆಗೆದುಕೊಂಡ ಮೊದಲ ಚಳಿಗಾಲದಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹದಿಮೂರರ ಹುಡುಗಿ. ಮುಂದೆ ಹತ್ತು ಮಕ್ಕಳನ್ನು ಹೆತ್ತು ಸಾಕಿದಳು. ಗವರ್ನರ್ ಮಗಳಿಗಿಂತ ಈಕೆಯೇ ನನಗೆ ದೊಡ್ಡವಳು.

ಬೀಗಿತ್ತಿ ಕಾರ್ವರ್ ಹೆಸರು ಹೊಡೆದುಹಾಕಿ ಎಲಿಜಬೆತ್ ಹೆಸರು ಬರೆದರು. ಆಮೇಲೆ ಪುಟ ತಿರುಗಿಸಿ, ನನ್ನಮ್ಮನ ಹೆಸರು, ಅಜ್ಜಿಯ ಹೆಸರು, ಅವರ ತವರೂರು ಯಾವುದೆಂದು ಕೇಳಿ ಬರೆದುಕೊಂಡರು.